ಕೆಳಗಿನ ತುರಿಕೆಗೆ ಯಾವ ಕ್ರೀಮ್, ಹೇಗೆ ಹಚ್ಚಬೇಕು? ಮಲೆನಾಡಿನ ಹೆಣ್ಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆಗಾಲ ಹಿಡಿಯಿತು ಅಂದರೆ ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಮೆಡಿಕಲ್ ಶಾಪ್‌ಗಳಲ್ಲಿ ಒಂದು ಮಾತು ಜಾಸ್ತಿ ಕೇಳಿಸುತ್ತದೆ: "ತುರಿಕೆಗೆ ಒಂದು ಕ್ರೀಮ್ ಕೊಡಿ." ಎಲ್ಲಿ ತುರಿಕೆ ಅಂತ ಕೊಡುವವರು ಕೇಳುವುದಿಲ್ಲ. ಕೊಳ್ಳುವವರು ಹೇಳುವುದೂ ಇಲ್ಲ, ಪಕ್ಕದಲ್ಲಿ ಊರಿನವರು ಯಾರೋ ನಿಂತಿರುತ್ತಾರೆ. ಹಾಗಾಗಿ ಕೈ ಕಾಲಿಗೆ ಹಚ್ಚುವ ಕ್ರೀಮ್ ಯೋನಿಗೆ ಬಂದು ಸೇರುತ್ತದೆ. ಕೆಳಗಿನ ಉತ್ತರಗಳನ್ನು ಬರೆದಿದ್ದು ಅದಕ್ಕಾಗಿಯೇ. ಮುಜುಗರ ಬೇಡ, ಒಬ್ಬರೇ ಕೂತು ಓದಿ. ಮನೆಯ ಹೆಣ್ಮಕ್ಕಳಿಗೂ ಓದಲು ಕೊಡಿ.

ನನಗಿರುವುದು ಯೀಸ್ಟ್ ಸೋಂಕೇ ಅಂತ ಹೇಗೆ ಗೊತ್ತಾಗುತ್ತೆ?

ಕ್ಯಾಂಡಿಡಾ ಅನ್ನುವ ಫಂಗಸ್ ತುಂಬಾ ಹೆಂಗಸರ ಯೋನಿಯಲ್ಲಿ ಸ್ವಲ್ಪ ಸ್ವಲ್ಪ ಇದ್ದೇ ಇರುತ್ತದೆ. ಇದ್ದರೂ ಏನೂ ಮಾಡುವುದಿಲ್ಲ. ಅಲ್ಲಿನ ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆಯಾದಾಗ, ಶುಗರ್ ಏರಿದಾಗ, ಬಸುರಿನಲ್ಲಿ ಹಾರ್ಮೋನ್ ಬದಲಾದಾಗ ಅದು ಬೆಳೆದುಬಿಡುತ್ತದೆ. ಅದೇ ಯೀಸ್ಟ್ ಸೋಂಕು. ಹೆಚ್ಚಿನ ಹೆಂಗಸರಿಗೆ ಬದುಕಿನಲ್ಲಿ ಒಮ್ಮೆಯಾದರೂ ಇದು ಬಂದು ಹೋಗುತ್ತದೆ. ಇದಕ್ಕೂ ನಿಮ್ಮ ನಡತೆಗೂ ಸಂಬಂಧವಿಲ್ಲ.

ಮುಖ್ಯವಾದ ಲಕ್ಷಣ ತುರಿಕೆ. ಜೊತೆಗೆ ಕೆಂಪಾಗಿ ಊದಿಕೊಳ್ಳುವುದು, ಉಚ್ಚೆ ತಾಗಿದಾಗ ಹೊರಗೆ ಉರಿ, ಗಂಡನ ಜೊತೆ ಸೇರುವಾಗ ನೋವು. ಬಿಳಿ ಹೋಗುವುದು ಗಟ್ಟಿಯಾಗಿ, ಒಡೆದ ಹಾಲಿನ ಹಾಗೆ ತುಣುಕು ತುಣುಕಾಗಿ ಇರಬಹುದು. ಕೆಲವರಿಗೆ ನೀರಾಗಿಯೂ ಇರುತ್ತದೆ. ಕೆಟ್ಟ ವಾಸನೆ ಸಾಮಾನ್ಯವಾಗಿ ಇರುವುದಿಲ್ಲ.

ವಾಸನೆಯ ವಿಷಯ ಗಮನವಿಟ್ಟು ನೋಡಿ. ಮೀನಿನ ವಾಸನೆ, ತೆಳ್ಳಗೆ ಬೂದು ಬಣ್ಣದ ಸ್ರಾವ ಇದ್ದರೆ ಅದು ಬಹುಶಃ ಬ್ಯಾಕ್ಟೀರಿಯಾದ ತೊಂದರೆ. ಹಳದಿ-ಹಸಿರು ಬಣ್ಣ, ನೊರೆ, ವಾಸನೆ ಇದ್ದರೆ ಟ್ರೈಕೊಮೊನಾಸ್ ಅನ್ನುವ ಬೇರೆಯೇ ಸೋಂಕು ಇರಬಹುದು. ಈ ಎರಡಕ್ಕೂ ಫಂಗಸ್ ಕ್ರೀಮ್ ಏನೂ ಮಾಡುವುದಿಲ್ಲ. ವಾರಗಟ್ಟಲೆ ಹಚ್ಚಿಕೊಂಡು ಕೂತರೆ ಸರಿಯಾದ ಔಷಧಿ ಸಿಗುವುದು ತಡವಾಗುತ್ತದೆ, ಅಷ್ಟೆ.

ನಮ್ಮ ಅಂದಾಜು ತಪ್ಪುವುದು ಎಷ್ಟು ಸುಲಭ ಅಂದರೆ, ತಮಗೆ ಯೀಸ್ಟ್ ಸೋಂಕೇ ಅಂತ ತಾವೇ ತೀರ್ಮಾನಿಸಿ ಔಷಧಿ ಕೊಂಡ ಹೆಂಗಸರನ್ನು ಅಮೆರಿಕದಲ್ಲಿ ಪರೀಕ್ಷೆ ಮಾಡಿದಾಗ ಸುಮಾರು ಮೂರರಲ್ಲಿ ಒಬ್ಬರಿಗೆ ಮಾತ್ರ ನಿಜಕ್ಕೂ ಅದೊಂದೇ ಸೋಂಕಿತ್ತು. 2002ರಲ್ಲಿ ಪ್ರಕಟವಾದ ಅಧ್ಯಯನ ಅದು. ಹಾಗಾಗಿ ಇದೇ ಮೊದಲ ಸಲ ಅಂತಾದರೆ ಒಮ್ಮೆ ಡಾಕ್ಟರಿಗೆ ತೋರಿಸಿ. ಹಿಂದೆ ಡಾಕ್ಟರ್ ನೋಡಿ ಇದೇ ಅಂತ ಹೇಳಿದ್ದರೆ, ಈಗಲೂ ಲಕ್ಷಣ ಹಾಗೆಯೇ ಇದ್ದರೆ ಮನೆಯಲ್ಲಿ ಕ್ರೀಮ್ ಬಳಸಬಹುದು.

ಬಿಳಿ ಹೋದರೆ ಸೋಂಕು ಅಂತಲೇ ಅರ್ಥವಾ?

ಅಲ್ಲ. ತಿಂಗಳ ನಡುವೆ ಲೋಳೆ ಲೋಳೆಯಾಗಿ, ಮುಟ್ಟಿಗೆ ಮುಂಚೆ ಸ್ವಲ್ಪ ಗಟ್ಟಿಯಾಗಿ ಬಿಳಿ ಹೋಗುವುದು ಸಹಜ. ತುರಿಕೆ ಇಲ್ಲ, ಉರಿ ಇಲ್ಲ, ವಾಸನೆ ಇಲ್ಲ ಅಂದರೆ ಔಷಧಿಯೂ ಬೇಡ.

ಮೆಡಿಕಲ್ ಶಾಪಿನಲ್ಲಿ ಏನಂತ ಕೇಳಬೇಕು? ಟ್ಯೂಬ್ ಮೇಲೆ ಏನು ನೋಡಬೇಕು?

"ಯೋನಿ ಒಳಗೆ ಹಾಕುವ ಫಂಗಸ್ ಕ್ರೀಮ್ ಬೇಕು, ಅಪ್ಲಿಕೇಟರ್ ಸಮೇತ" ಅಂತ ಕೇಳಿ. ಅಪ್ಲಿಕೇಟರ್ ಅಂದರೆ ಕ್ರೀಮನ್ನು ಒಳಗೆ ಹಾಕುವ ಕೊಳವೆ. ಬಾಯಿಂದ ಹೇಳಲು ಕಷ್ಟವಾದರೆ ಚೀಟಿಯಲ್ಲಿ ಬರೆದು ಕೊಡಿ, ಇಲ್ಲವೇ ಫೋನಿನಲ್ಲಿ ಬರೆದು ತೋರಿಸಿ. ಗಂಡನನ್ನೋ ಮಗನನ್ನೋ ಕಳಿಸುವುದಾದರೂ ಚೀಟಿ ಕೊಟ್ಟೇ ಕಳಿಸಿ. ಸುಮ್ನೆ "ತುರಿಕೆ ಕ್ರೀಮ್" ಅನ್ನಬೇಡಿ.

ಟ್ಯೂಬಿನ ಮೇಲೆ ದೊಡ್ಡ ಅಕ್ಷರದ ಬ್ರ್ಯಾಂಡ್ ಹೆಸರಿಗಿಂತ ಸಣ್ಣ ಅಕ್ಷರದ ಔಷಧಿಯ ಹೆಸರು ಮುಖ್ಯ. ಕ್ಲೊಟ್ರಿಮಜೋಲ್ ಅಥವಾ ಮೈಕೊನಜೋಲ್ ಅಂತ ಇರಬೇಕು. ಪಕ್ಕದಲ್ಲಿ 1% ಅಥವಾ 2% ಅಂತ ಇರುತ್ತದೆ. 'ವೆಜೈನಲ್' ಅನ್ನುವ ಪದ ಇದೆಯೇ ನೋಡಿ. ಇಂಗ್ಲಿಷ್ ಓದಲು ಬಾರದಿದ್ದರೆ ಅಂಗಡಿಯವರಿಗೇ ಓದಿ ಹೇಳಲು ಕೇಳಿ. ಅದನ್ನು ಕೇಳುವುದು ನಿಮ್ಮ ಹಕ್ಕು.

ಇನ್ನು ಏನು ಇರಬಾರದು ಅನ್ನುವುದು. ಬೆಕ್ಲೊಮೆಥಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಸಾಲ್, ಮೊಮೆಟಾಸೋನ್. ಇವು ಸ್ಟೀರಾಯ್ಡ್‌ಗಳು. ನಮ್ಮಲ್ಲಿ ಫಂಗಸ್ ಔಷಧಿ, ಸ್ಟೀರಾಯ್ಡ್, ಆಂಟಿಬಯೋಟಿಕ್ ಮೂರನ್ನೂ ಒಂದೇ ಟ್ಯೂಬಿನಲ್ಲಿ ಬೆರೆಸಿದ ಕ್ರೀಮ್‌ಗಳು ಧಾರಾಳವಾಗಿ ಸಿಗುತ್ತವೆ. ಹಚ್ಚಿದ ದಿನವೇ ತುರಿಕೆ ನಿಲ್ಲುತ್ತದೆ, ಅದಕ್ಕೇ ಜನ ಮತ್ತೆ ಮತ್ತೆ ಅದನ್ನೇ ಕೇಳುತ್ತಾರೆ. ಆದರೆ ತುರಿಕೆ ನಿಲ್ಲಿಸುವುದು ಸ್ಟೀರಾಯ್ಡ್. ಅದೇ ಸ್ಟೀರಾಯ್ಡ್ ಚರ್ಮದ ಶಕ್ತಿ ಕುಗ್ಗಿಸಿ ಫಂಗಸ್‌ಗೆ ಬೆಳೆಯಲು ಅನುಕೂಲ ಮಾಡಿಕೊಡುತ್ತದೆ. ಬಿಟ್ಟ ಮೇಲೆ ಮೊದಲಿಗಿಂತ ಜೋರಾಗಿ ಬರುತ್ತದೆ. ಆ ಜಾಗದ ಮೆತ್ತನೆ ಚರ್ಮ ತೆಳ್ಳಗಾಗಿ ಬಿರುಕು ಬಿಡುವುದೂ ಉಂಟು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಕ್ರೀಮ್‌ಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಆದರೂ ಕೌಂಟರಿನಲ್ಲಿ ಕೇಳಿದರೆ ಸಿಗುತ್ತವೆ. ಸಿಕ್ಕಿತು ಅಂತ ತರಬೇಡಿ. ಡಾಕ್ಟರೇ ನೋಡಿ ಬರೆದುಕೊಟ್ಟರೆ ಆ ಮಾತು ಬೇರೆ.

ಮನೆಯವರಿಗೆ ಹುಳುಕಡ್ಡಿಗೆ ತಂದ ಟ್ಯೂಬ್ ಇದೆ. ಅದರಲ್ಲೂ ಕ್ಲೊಟ್ರಿಮಜೋಲ್ ಅಂತಿದೆ. ಅದನ್ನೇ ಹಚ್ಚಬಹುದಾ?

ಒಳಗೆ ಹಾಕಬೇಡಿ. ಚರ್ಮದ ಕ್ರೀಮ್, ಲೋಷನ್, ಪೌಡರ್ ಯಾವುದೂ ಯೋನಿಯ ಒಳಗಿಗೆ ತಯಾರಾದದ್ದಲ್ಲ. ಕೆಲವು ಲೋಷನ್‌ಗಳು ಒಳಗೆ ತಾಗಿದರೆ ಬೆಂಕಿ ಇಟ್ಟಂತೆ ಉರಿಯುತ್ತವೆ. ಮನೆಯವರು ಕೈಯಲ್ಲಿ ಮುಟ್ಟಿ ಹಚ್ಚಿದ ಟ್ಯೂಬ್ ಬೇರೆ. ಬೇಡವೇ ಬೇಡ.

ಅಪ್ಲಿಕೇಟರ್ ಅಂದರೆ ಭಯ. ಹೇಗೆ ಬಳಸುವುದು?

ಭಯ ಸಹಜ. ಯಾರೂ ಹೇಳಿಕೊಟ್ಟಿರುವುದಿಲ್ಲ ಅಲ್ವಾ? ಅದು ಬೆರಳಿನಷ್ಟು ದಪ್ಪದ ಪ್ಲಾಸ್ಟಿಕ್ ಕೊಳವೆ. ಒಳಗೆ ತಳ್ಳುವ ಒಂದು ಕಡ್ಡಿ ಇರುತ್ತದೆ.

ರಾತ್ರಿ ಎಲ್ಲ ಕೆಲಸ ಮುಗಿಸಿ, ಇನ್ನು ಏಳುವುದಿಲ್ಲ ಅನ್ನುವಾಗ ಹಾಕಿಕೊಳ್ಳಿ. ಹಗಲು ಹಾಕಿಕೊಂಡು ಓಡಾಡಿದರೆ ಔಷಧಿಯೆಲ್ಲ ಜಾರಿ ಬಟ್ಟೆಗೆ ಹೋಗುತ್ತದೆ. ಮೊದಲು ಸೋಪು ಹಾಕಿ ಕೈ ತೊಳೆಯಿರಿ. ಹೊರಭಾಗವನ್ನು ಬರೀ ನೀರಿನಲ್ಲಿ ತೊಳೆದು, ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒಣಗಿಸಿ. ಉಜ್ಜಬೇಡಿ.

ಟ್ಯೂಬಿನ ಮುಚ್ಚಳ ತೆಗೆದು ಬಾಯಿಗೆ ಅಪ್ಲಿಕೇಟರ್ ತಿರುಗಿಸಿ ಕೂರಿಸಿ. ಟ್ಯೂಬ್ ಮೆಲ್ಲಗೆ ಹಿಂಡಿ. ಕ್ರೀಮ್ ತುಂಬುತ್ತಾ ಕಡ್ಡಿ ಹಿಂದೆ ಬರುತ್ತದೆ. ಗುರುತಿನವರೆಗೆ ತುಂಬಿದರೆ ಸಾಕು, ಸಾಮಾನ್ಯವಾಗಿ ಅದು 5 ಗ್ರಾಂ. ಆಮೇಲೆ ಟ್ಯೂಬಿನಿಂದ ಬಿಡಿಸಿ.

ಅಂಗಾತ ಮಲಗಿ, ಮಂಡಿ ಮಡಚಿ, ಕಾಲು ಸ್ವಲ್ಪ ಅಗಲಿಸಿ. ಉಸಿರು ಬಿಡುತ್ತಾ ಕೊಳವೆಯನ್ನು ಬೆನ್ನಿನ ಕಡೆಗೆ ಓರೆಯಾಗಿ ನಿಧಾನಕ್ಕೆ ಒಳಗೆ ಬಿಡಿ. ಆರಾಮಾಗಿ ಎಷ್ಟು ಹೋಗುತ್ತದೋ ಅಷ್ಟೇ. ನೋವಾದರೆ ನಿಲ್ಲಿಸಿ, ಬಲವಂತ ಮಾಡಬೇಡಿ. ಕಡ್ಡಿಯನ್ನು ಪೂರ್ತಿ ತಳ್ಳಿ, ಹಾಗೆಯೇ ಹೊರಗೆ ತೆಗೆಯಿರಿ. ಹೊರಗೂ ತುರಿಕೆ ಇದ್ದರೆ ಅದೇ ಕ್ರೀಮನ್ನು ಬೆರಳ ತುದಿಯಲ್ಲಿ ಸ್ವಲ್ಪ ತೆಗೆದು ಹಚ್ಚಿ. ಪ್ಯಾಡ್ ಇಟ್ಟುಕೊಂಡು ಮಲಗಿ. ಬೆಳಗ್ಗೆ ಬಿಳಿಯಾಗಿ ಹೊರಗೆ ಬರುವುದು ಉಳಿದ ಕ್ರೀಮ್. ಗಾಬರಿ ಬೇಡ.

ಒಂದೇ ಸಲದ ಅಪ್ಲಿಕೇಟರ್ ಆದರೆ ಎಸೆಯಿರಿ. ಮತ್ತೆ ಬಳಸುವಂಥದ್ದಾದರೆ ಎರಡು ಭಾಗ ಬಿಡಿಸಿ ಸೋಪು ಮತ್ತು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಹಂಡೆಯ ಕುದಿ ನೀರು ಹಾಕಿದರೆ ಸೊಟ್ಟಗಾಗುತ್ತದೆ. ಅಕ್ಕ ತಂಗಿ ಆದರೂ ಒಬ್ಬರದ್ದು ಇನ್ನೊಬ್ಬರು ಬಳಸಬಾರದು.

ಎಷ್ಟು ದಿನ ಹಾಕಬೇಕು? ಎರಡನೇ ದಿನಕ್ಕೇ ತುರಿಕೆ ನಿಂತರೆ ಬಿಡಬಹುದಾ?

ಬಿಡಬಾರದು. ಕ್ಲೊಟ್ರಿಮಜೋಲ್ 1% ಆದರೆ ದಿನಕ್ಕೊಮ್ಮೆ 7ರಿಂದ 14 ದಿನ, 2% ಆದರೆ 3 ದಿನ ಅನ್ನುವುದು ಸಾಮಾನ್ಯ ಲೆಕ್ಕ. ಮೈಕೊನಜೋಲ್ 2% ಆದರೆ 7 ದಿನ. ಡಾಕ್ಟರ್ ಬೇರೆ ಹೇಳಿದ್ದರೆ ಅವರು ಹೇಳಿದಂತೆ. ತುರಿಕೆ ಎರಡು ಮೂರು ದಿನದಲ್ಲಿ ತಗ್ಗುತ್ತದೆ, ಆದರೆ ಫಂಗಸ್ ಪೂರ್ತಿ ಹೋಗಿರುವುದಿಲ್ಲ. ಜಾಸ್ತಿ ಹಾಕಿದರೆ ಬೇಗ ವಾಸಿ ಅನ್ನುವುದೂ ಸುಳ್ಳು.

ಮೂರು ದಿನವಾದರೂ ಸ್ವಲ್ಪವೂ ಕಡಿಮೆ ಆಗದಿದ್ದರೆ, ಅಥವಾ ಏಳು ದಿನ ಕಳೆದರೂ ಲಕ್ಷಣ ಉಳಿದಿದ್ದರೆ ಡಾಕ್ಟರ ಹತ್ತಿರ ಹೋಗಿ. ಅಂಗಡಿಯಿಂದ ಇನ್ನೊಂದು ಟ್ಯೂಬ್ ತರಬೇಡಿ.

ಹಚ್ಚಿದ ಕೂಡಲೇ ಉರಿ ಬಂತು. ಅಲರ್ಜಿಯಾ?

ತುರಿಸಿ ತುರಿಸಿ ಕೆಂಪಾದ ಜಾಗಕ್ಕೆ ಕ್ರೀಮ್ ತಾಗಿದಾಗ ಮೊದಲ ದಿನ ಸ್ವಲ್ಪ ಉರಿಯಬಹುದು. ಅದು ಬೇಗ ಹೋಗುತ್ತದೆ. ಉರಿ ಏರುತ್ತಲೇ ಇದ್ದರೆ, ಊದಿಕೊಂಡರೆ, ಗುಳ್ಳೆ ಅಥವಾ ದದ್ದು ಎದ್ದರೆ ನಿಲ್ಲಿಸಿ, ನೀರಿನಲ್ಲಿ ತೊಳೆದು, ಡಾಕ್ಟರಿಗೆ ತೋರಿಸಿ. ಮುಖ, ತುಟಿ ಊದಿದರೆ, ಉಸಿರಾಡಲು ಕಷ್ಟವಾದರೆ ತಡಮಾಡದೆ 108ಕ್ಕೆ ಫೋನ್ ಮಾಡಿ.

ಮಧ್ಯದಲ್ಲಿ ಮುಟ್ಟಾದರೆ?

ಮುಂದುವರಿಸಿ. ಪ್ಯಾಡ್ ಬಳಸಿ. ಯೋನಿಯ ಒಳಗೆ ಇಡುವ ಟ್ಯಾಂಪೂನ್ ಬೇಡ, ಅದು ಔಷಧಿಯನ್ನೇ ಹೀರಿಕೊಳ್ಳುತ್ತದೆ.

ನಾನು ಬಸುರಿ. ಹಾಕಬಹುದಾ?

ಡಾಕ್ಟರನ್ನು ಕೇಳದೆ ಏನನ್ನೂ ಹಾಕಬೇಡಿ. ಬಸುರಿನಲ್ಲಿ ಯೀಸ್ಟ್ ಸೋಂಕು ಜಾಸ್ತಿಯೇ. ಅದಕ್ಕೆ ಸಾಮಾನ್ಯವಾಗಿ ಕೊಡುವುದು 7 ದಿನದ ಕ್ಲೊಟ್ರಿಮಜೋಲ್ ಅಥವಾ ಅಂಥದ್ದೇ ಕ್ರೀಮ್. ನುಂಗುವ ಫ್ಲುಕೊನಜೋಲ್ ಮಾತ್ರೆಯನ್ನು ಬಸುರಿನಲ್ಲಿ ದೂರ ಇಡುತ್ತಾರೆ. ಮನೆಯಲ್ಲಿ ಬೇರೆಯವರಿಗೆ ತಂದ ಮಾತ್ರೆ ಇದೆ ಅಂತ ನುಂಗಬೇಡಿ. ಅಪ್ಲಿಕೇಟರ್ ಬಳಸಬೇಕೋ ಬೇಡವೋ ಅನ್ನುವುದನ್ನೂ ಕೇಳಿಕೊಳ್ಳಿ. ಕೆಲವರಿಗೆ ಬೆರಳಿನಲ್ಲೇ ಇಡುವ ವೆಜೈನಲ್ ಮಾತ್ರೆ ಕೊಡುತ್ತಾರೆ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ತಾಯಿ ಕಾರ್ಡ್ ಹಿಡಿದು ಹೋದಾಗ ಈ ತುರಿಕೆಯ ವಿಷಯವನ್ನೂ ಬಾಯಿಬಿಟ್ಟು ಹೇಳಿ.

ಗಂಡನಿಗೂ ಔಷಧಿ ಬೇಕಾ? ಅವರಿಂದ ಬಂತಾ?

ಯೀಸ್ಟ್ ಸೋಂಕನ್ನು ಲೈಂಗಿಕ ರೋಗ ಅಂತ ಲೆಕ್ಕ ಹಾಕುವುದಿಲ್ಲ. ಗಂಡನ ಜೊತೆ ಸೇರದೇ ಇರುವವರಿಗೂ ಬರುತ್ತದೆ. ಇದರ ಮೇಲೆ ಮನೆಯಲ್ಲಿ ಅನುಮಾನ, ಜಗಳ ಬೇಡ. ಗಂಡನಿಗೆ ತುರಿಕೆ, ಕೆಂಪು ದದ್ದು ಇದ್ದರೆ ಮಾತ್ರ ಅವರೂ ತೋರಿಸಿಕೊಳ್ಳಲಿ.

ಔಷಧಿ ಮುಗಿಯುವವರೆಗೆ ಸೇರದೇ ಇರುವುದು ಒಳ್ಳೆಯದು. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಈ ಕ್ರೀಮ್‌ಗಳಲ್ಲಿರುವ ಎಣ್ಣೆಯಂಶ ರಬ್ಬರಿನ ಕಾಂಡೋಮನ್ನು ದುರ್ಬಲ ಮಾಡುತ್ತದೆ. ಕಾಂಡೋಮ್ ಹರಿಯಬಹುದು. ಕ್ರೀಮ್ ಹಾಕುವ ದಿನಗಳಲ್ಲಿ, ನಿಲ್ಲಿಸಿದ ಮೇಲೂ ಕೆಲವು ದಿನ, ಬಸುರು ತಡೆಯಲು ಅದೊಂದನ್ನೇ ನಂಬಬೇಡಿ.

ಬೇರೆ ಮಾತ್ರೆ ತಗೊಳ್ತಾ ಇದ್ದೇನೆ. ಹೇಳಬೇಕಾ?

ಖಂಡಿತ ಹೇಳಬೇಕು. ಹೃದಯದ ಕವಾಟದ ಆಪರೇಷನ್ ಆದವರು ರಕ್ತ ತೆಳ್ಳಗಾಗಲು ವಾರ್ಫರಿನ್ ತೆಗೆದುಕೊಳ್ಳುತ್ತಾರೆ. ಅಂಥವರು ಮೈಕೊನಜೋಲನ್ನು ಯೋನಿಗೆ ಹಾಕಿದರೂ ಅದು ರಕ್ತಕ್ಕೆ ಸೇರಿ ರಕ್ತಸ್ರಾವದ ಅಪಾಯ ಹೆಚ್ಚಿಸಬಹುದು. ಬರೀ ಹೊರಗಿನ ಕ್ರೀಮ್ ತಾನೇ ಅಂತ ಬಿಡಬೇಡಿ.

ಶುಗರ್ ಇರುವವರಿಗೆ ಇನ್ನೊಂದು ಮಾತು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅನ್ನುವ ಮಾತ್ರೆಗಳು ಸಕ್ಕರೆಯನ್ನು ಉಚ್ಚೆಯ ಮೂಲಕ ಹೊರಗೆ ಹಾಕುತ್ತವೆ. ಅಲ್ಲಿ ಸಕ್ಕರೆ ಇದ್ದರೆ ಫಂಗಸ್‌ಗೆ ಊಟ ಸಿಕ್ಕಂತೆ. ಈ ಮಾತ್ರೆ ಶುರುವಾದ ಮೇಲೆ ತುರಿಕೆ ಬಂದಿದ್ದರೆ ಶುಗರ್ ಡಾಕ್ಟರಿಗೆ ತಿಳಿಸಿ. ನೀವಾಗಿಯೇ ಮಾತ್ರೆ ಬಿಡಬೇಡಿ.

ನಮ್ಮ ಕಡೆ ಮಳೆಗಾಲದಲ್ಲಿ ಇಲಿಜ್ವರಕ್ಕೆ ಡಾಕ್ಸಿಸೈಕ್ಲಿನ್ ಕೊಡುತ್ತಾರೆ. ಜ್ವರಕ್ಕೆ ಆ ಮಾತ್ರೆ ಬೇಕೇ ಬೇಕು. ಆದರೆ ಆಂಟಿಬಯೋಟಿಕ್ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುವುದರಿಂದ ಕೆಲವರಿಗೆ ಅದರ ಹಿಂದೆಯೇ ಯೀಸ್ಟ್ ಸೋಂಕು ಬರುತ್ತದೆ. ತುರಿಕೆ ಬಂತು ಅಂತ ಜ್ವರದ ಕೋರ್ಸ್ ಅರ್ಧಕ್ಕೆ ನಿಲ್ಲಿಸಬೇಡಿ. ಎರಡಕ್ಕೂ ಒಟ್ಟಿಗೆ ಔಷಧಿ ಮಾಡಬಹುದು.

ಮಳೆಗಾಲದಲ್ಲೇ ಯಾಕೆ ಇಷ್ಟು ಕಾಟ?

ಒದ್ದೆ ಮತ್ತು ಬೆವರು ಫಂಗಸ್‌ಗೆ ಹಿತ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಆ ಕಡೆಯ ಊರುಗಳಲ್ಲಿ ಬಟ್ಟೆ ಒಣಗುವುದೇ ಒಂದು ದೊಡ್ಡ ಕೆಲಸ. ನಾಟಿಗೆ ಹೋದವರು ಬೆಳಗ್ಗಿನಿಂದ ಸಂಜೆವರೆಗೆ ಕೆಸರು ನೀರಿನಲ್ಲಿ, ನೆನೆದ ಲಂಗದಲ್ಲಿ ಬಗ್ಗಿ ನಿಂತಿರುತ್ತಾರೆ. ಮೇಲೆ ಪ್ಲಾಸ್ಟಿಕ್ ಕೊಪ್ಪೆ ಇದ್ದರೂ ಕೆಳಗೆ ಒಣಗಿದ್ದು ಏನೂ ಇರುವುದಿಲ್ಲ.

ನನಗೆ ನಿಜಕ್ಕೂ ಬೇಜಾರಾಗುವ ವಿಷಯ ಇನ್ನೊಂದಿದೆ. ಗಂಡಸರ ಪಂಚೆ, ಬನಿಯನ್ನು ಬಚ್ಚಲು ಒಲೆಯ ಬಿಸಿಗೆ ಹರಡುತ್ತಾರೆ. ಹೆಣ್ಮಕ್ಕಳ ಒಳ ಉಡುಪು ಮಾತ್ರ ಸೀರೆಯ ಅಡಿಗೆ, ಕತ್ತಲೆ ಮೂಲೆಯಲ್ಲಿ, ಯಾರಿಗೂ ಕಾಣದ ಹಾಗೆ. ಅಲ್ಲಿ ಅದು ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಅದನ್ನೂ ಒಲೆಯ ಹತ್ತಿರವೇ ಒಣಗಿಸಿ. ಬಿಸಿಲು ಬಿದ್ದ ದಿನ ಅಂಗಳದ ತಂತಿಗೆ ಹಾಕಿ. ತೀರಾ ಒಣಗದಿದ್ದರೆ ಇಸ್ತ್ರಿ ಮಾಡಿ. ಹತ್ತಿಯದ್ದೇ ಇರಲಿ. ಗದ್ದೆಯಿಂದ ಬಂದ ಕೂಡಲೇ, ಕಾಫಿಗೂ ಮುಂಚೆ, ಒದ್ದೆ ಬಟ್ಟೆ ಬದಲಿಸಿ. ಮುಟ್ಟಿನ ಬಟ್ಟೆ ಬಳಸುವವರೂ ಹೀಗೆಯೇ ಪೂರ್ತಿ ಒಣಗಿಸಬೇಕು.

ಮೊಸರು, ಬೆಳ್ಳುಳ್ಳಿ, ಬೇವಿನ ನೀರು, ಡೆಟಾಲ್? ಇದು ಉಷ್ಣ ಅಂತಾರಲ್ಲ ಅಜ್ಜಿ?

ಒಂದೆಲಗದ ತಂಬುಳಿ, ಎಳನೀರು, ಮಜ್ಜಿಗೆ ಎಲ್ಲ ಊಟಕ್ಕೆ ಚೆನ್ನ. ಅಜ್ಜಿ ಕೊಟ್ಟರೆ ಸಂತೋಷದಿಂದ ಕುಡಿಯಿರಿ. ಫಂಗಸ್ ಸಾಯುವುದು ಮಾತ್ರ ಔಷಧಿಯಿಂದ.

ಯೋನಿಯ ಒಳಗೆ ಮಾತ್ರ ಯಾವುದನ್ನೂ ಹಾಕಬೇಡಿ. ಬೆಳ್ಳುಳ್ಳಿ ಚರ್ಮ ಸುಡುತ್ತದೆ. ಡೆಟಾಲ್ ನೀರು ಹಾಕಿ ತೊಳೆದರೆ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಸೋಂಕಿಗೆ ದಾರಿಯಾಗುತ್ತದೆ. ಟಿವಿ ಜಾಹೀರಾತಿನ ಸುವಾಸನೆಯ ವಾಷ್ ಕೂಡ ಬೇಡ. ಯೋನಿ ತನ್ನನ್ನು ತಾನೇ ಸ್ವಚ್ಛ ಮಾಡಿಕೊಳ್ಳುತ್ತದೆ. ಹೊರಗೆ ನೀರು ಸಾಕು. ಬೋರಿಕ್ ಪೌಡರ್ ಬಗ್ಗೆ ಫೋನಿನಲ್ಲಿ ನೋಡಿದವರಿಗೆ: ಅದು ಹೊಟ್ಟೆಗೆ ಹೋದರೆ ವಿಷ. ಮನೆಯಲ್ಲಿ ಪ್ರಯೋಗ ಮಾಡಬೇಡಿ.

ಕ್ರೀಮ್ ಕಿರಿಕಿರಿ. ಒಂದೇ ಮಾತ್ರೆ ನುಂಗಿದರೆ ಆಗೋದಿಲ್ವಾ?

ಫ್ಲುಕೊನಜೋಲ್ 150 ಮಿಲಿಗ್ರಾಂ ಒಂದೇ ಮಾತ್ರೆ ಹೆಚ್ಚಿನವರಿಗೆ ಸಾಕಾಗುತ್ತದೆ, ಕ್ರೀಮಿನಷ್ಟೇ ಕೆಲಸ ಮಾಡುತ್ತದೆ. ಆದರೆ ಬಸುರಿಯರಿಗೆ ಬೇಡ. ಲಿವರ್ ತೊಂದರೆ ಇರುವವರು, ವಾರ್ಫರಿನ್ ಅಥವಾ ಬೇರೆ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ವರ್ಷದಲ್ಲಿ ನಾಲ್ಕೈದು ಸಲ ಬರ್ತಾ ಇದೆ. ಪ್ರತಿ ಸಲ ಅದೇ ಕ್ರೀಮ್ ತರ್ತೇನೆ.

ಅದನ್ನು ನಿಲ್ಲಿಸಿ. ವರ್ಷಕ್ಕೆ ಮೂರು ಸಲ ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಕಾರಣ ಹುಡುಕಲೇಬೇಕು. ಮೊದಲು ಶುಗರ್ ಪರೀಕ್ಷೆ. ಸಕ್ಕರೆ ಕಾಯಿಲೆ ಇರುವುದು ಎಷ್ಟೋ ಸಲ ಇದರಿಂದಲೇ ಗೊತ್ತಾಗುತ್ತದೆ. ಡಾಕ್ಟರ್ ಹತ್ತಿಯ ಕಡ್ಡಿಯಲ್ಲಿ ಸ್ರಾವ ತೆಗೆದು ಲ್ಯಾಬಿಗೆ ಕಳಿಸಬಹುದು. ಕ್ಯಾಂಡಿಡಾದಲ್ಲೇ ಗ್ಲಬ್ರಾಟ ಅನ್ನುವ ಒಂದು ಬಗೆ ಮಾಮೂಲಿ ಕ್ರೀಮಿಗೆ ಸುಲಭವಾಗಿ ಬಗ್ಗುವುದಿಲ್ಲ. ಎಚ್‌ಐವಿ ಪರೀಕ್ಷೆಗೆ ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ, ಅದು ತಪಾಸಣೆಯ ಒಂದು ಭಾಗ. ಮತ್ತೆ ಮತ್ತೆ ಬರುವವರಿಗೆ ಆರು ತಿಂಗಳು ವಾರಕ್ಕೊಮ್ಮೆ ಕೊಡುವ ಚಿಕಿತ್ಸೆಯೂ ಇದೆ.

ಮಗಳಿಗೆ ಹದಿನಾಲ್ಕು. ಅವಳಿಗೂ ತುರಿಕೆ ಅಂತಾಳೆ.

ಡಾಕ್ಟರಿಗೆ ತೋರಿಸಿ. ಮಕ್ಕಳಿಗೆ ಅಂಗಡಿಯಿಂದ ತಂದು ಹಾಕಬಾರದು. ಹುಡುಗಿಯರಿಗೆ ಅಪ್ಲಿಕೇಟರ್ ಇಲ್ಲದ ಚಿಕಿತ್ಸೆಯನ್ನೇ ಡಾಕ್ಟರ್ ಆರಿಸಬಹುದು. ಇನ್ನೂ ಮೈನೆರೆಯದ ಸಣ್ಣ ಮಕ್ಕಳಲ್ಲಿ ಯೀಸ್ಟ್ ಸೋಂಕು ಅಪರೂಪ. ರಾತ್ರಿ ಹೊತ್ತು ತುರಿಕೆ ಅಂತ ಅತ್ತರೆ ಜಂತುಹುಳವೂ ಇರಬಹುದು. ಮಗಳು ನಿಮ್ಮ ಹತ್ತಿರ ಬಂದು ಹೇಳಿದಳು ಅನ್ನುವುದೇ ದೊಡ್ಡದು. ಅವಳನ್ನು ಬೈಯಬೇಡಿ.

ಅತ್ತೆಗೆ ಅರವತ್ತು ದಾಟಿದೆ. ಅದೇ ತುರಿಕೆ.

ಮುಟ್ಟು ನಿಂತ ಮೇಲೆ ಯೀಸ್ಟ್ ಸೋಂಕು ಕಡಿಮೆ. ಹಾರ್ಮೋನ್ ಇಳಿದು ಆ ಜಾಗ ಒಣಗುವುದು, ಕೆಲವು ಚರ್ಮದ ಕಾಯಿಲೆ, ಶುಗರ್, ಹೀಗೆ ಬೇರೆ ಕಾರಣಗಳೇ ಜಾಸ್ತಿ. ಕ್ರೀಮ್ ಹಚ್ಚುವ ಮುಂಚೆ ತೋರಿಸಿ. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ತಕ್ಷಣ ಕರೆದುಕೊಂಡು ಹೋಗಿ. ಅದು ಗರ್ಭಕೋಶದ ಕ್ಯಾನ್ಸರಿನ ಸೂಚನೆಯೂ ಆಗಿರಬಹುದು.

ಯಾವಾಗ ಕಾಯದೆ ಆಸ್ಪತ್ರೆಗೆ ಹೋಗಬೇಕು?

ಜ್ವರ, ಚಳಿ, ಕಿಬ್ಬೊಟ್ಟೆ ನೋವು, ಹುಣ್ಣು ಅಥವಾ ನೀರುಗುಳ್ಳೆ, ಮುಟ್ಟಲ್ಲದ ರಕ್ತ, ಕೆಟ್ಟ ವಾಸನೆ, ಪದೇ ಪದೇ ಉಚ್ಚೆಯ ಜೊತೆ ಬೆನ್ನು ನೋವು. ಇವು ಯೀಸ್ಟ್ ಸೋಂಕಿನ ಲಕ್ಷಣ ಅಲ್ಲ.

ನಮ್ಮೂರಲ್ಲಿ ಲೇಡಿ ಡಾಕ್ಟರ್ ಇಲ್ಲ. ಯಾರ ಹತ್ತಿರ ಹೇಳಲಿ?

ಮೊದಲು ಆಶಾ ಕಾರ್ಯಕರ್ತೆಗೆ ಹೇಳಿ. ತಾಲೂಕು ಆಸ್ಪತ್ರೆಯಲ್ಲಿ ಹೆರಿಗೆ ಡಾಕ್ಟರ್ ಯಾವ ದಿನ ಸಿಗುತ್ತಾರೆ ಅಂತ ವಿಚಾರಿಸಿ ಹೇಳುತ್ತಾರೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಸ್ತ್ರೀರೋಗ ವಿಭಾಗ ಇದೆ. ಹೊಸನಗರ, ಸೊರಬದ ಒಳಗಿನ ಹಳ್ಳಿಗಳಿಂದ ಅಲ್ಲಿಗೆ ಹೋಗಿ ಬರುವುದು ಒಂದು ದಿನದ ಕೂಲಿ ಬಿಟ್ಟಂತೆ ಅಂತ ಗೊತ್ತು. ಹಾಗಾಗಿ ಕೇಳಿಕೊಂಡು, ಸರಿಯಾದ ದಿನ ಹೋಗಿ. ಪರೀಕ್ಷೆ ಮಾಡುವುದು ಗಂಡಸು ಡಾಕ್ಟರ್ ಆದರೆ ಜೊತೆಗೆ ನರ್ಸ್ ಇರಲಿ ಅಂತ ಕೇಳಬಹುದು. ಯಾವಾಗ ಶುರುವಾಯಿತು, ಏನು ಹಚ್ಚಿದಿರಿ, ಕಡೆಯ ಮುಟ್ಟು ಯಾವಾಗ ಅಂತ ಬರೆದುಕೊಂಡು ಹೋಗಿ. ಹಚ್ಚಿದ ಟ್ಯೂಬನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ತಪಾಸಣೆಗೆ ಮುಂಚಿನ ರಾತ್ರಿ ಕ್ರೀಮ್ ಹಾಕಬೇಡಿ, ಸ್ರಾವ ಸರಿಯಾಗಿ ಕಾಣುವುದಿಲ್ಲ.

ಟ್ಯೂಬಿನಲ್ಲಿ ಉಳಿದದ್ದನ್ನು ಇಟ್ಟುಕೊಳ್ಳಬಹುದಾ?

ಕೋರ್ಸ್ ಮುಗಿದ ಮೇಲೆ ಎಸೆಯಿರಿ. ಬಳಸುವಷ್ಟು ದಿನ ಒಲೆಯ ಬಿಸಿ ತಾಗದ ಕಡೆ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಟೂತ್‌ಪೇಸ್ಟಿನ ಪಕ್ಕದಲ್ಲಂತೂ ಬೇಡ.